ಎಮ್ಮೆಗೆ ಹೇಳಿದ ಗುಟ್ಟು

ಮೊದಲ ಮಳೆ ಬಿದ್ದಿತೆಂದರೆ ನಮ್ಮ ಪತ್ತಿಕೊಂಡದ ಕಡೆ ಯಾರೂ ತಲೆ ಎತ್ತಿ ನಡೆಯುವುದಿಲ್ಲ. ಕೆಂಪು ನೆಲ ತೊಳೆದು ಎಲ್ಲಾದರೂ ವಜ್ರ ಮಿಂಚೀತೆಂದು ಎಲ್ಲರ ಕಣ್ಣೂ ನೆಲದ ಮೇಲೆ. ಎದುರಿಗೆ ಬೀಗರು ಬಂದರೂ ಮೊದಲು ಅವರ ಚಪ್ಪಲಿ ನೋಡಿ, ಆಮೇಲೆ ಮುಖ ನೋಡುತ್ತಾರೆ. ವಜ್ರ ಸಿಕ್ಕಿದ್ದು ಯಾರಿಗೆ ಎಂದು ಕೇಳಿ ನೋಡಿ, ಪ್ರತಿ ಊರಿನವರೂ ಪಕ್ಕದ ಊರಿನ ಕಡೆ ಕೈ ತೋರಿಸುತ್ತಾರೆ.

ಅದು ಎರಡನೆಯ ಜರ್ಮನಿ ಯುದ್ಧ ನಡೆಯುತ್ತಿದ್ದ ವರ್ಷ. ರೈತ ಬಜಾರಪ್ಪ ಶೇಂಗಾ ಬಿತ್ತಲು ಹೊಲ ಹಸನು ಮಾಡುತ್ತಿದ್ದ. ಕರಿ ಕೋಟು ತೊಟ್ಟ ಅಪರಿಚಿತನೊಬ್ಬ ಬದುವಿನ ಮೇಲೆ ಬಂದು, ನೀರು ಕೇಳಿ ಕುಡಿದು, ಇದ್ದಕ್ಕಿದ್ದಂತೆ ಕೂಗಿಕೊಂಡ.

"ತಡಿ ತಡಿ! ಅಲ್ಲೇ ನಿಲ್ಲು! ಕಾಲು ಎತ್ತಬ್ಯಾಡ!"

ಬಜಾರಪ್ಪ ಹಾವೆಂದುಕೊಂಡು ಆಗಲೇ ಎರಡೂ ಕಾಲು ಎತ್ತಿ ಹಾರಿದ್ದ. ಕೋಟಿನವನು ಬಗ್ಗಿ, ಅವನ ಹೆಜ್ಜೆಯ ಪಕ್ಕದಿಂದ ಹೊಳೆಯುವ ಕಲ್ಲೊಂದನ್ನು ಹೆಕ್ಕಿ, ಮಣ್ಣು ಒರೆಸಿ ಬಿಸಿಲಿಗೆ ಹಿಡಿದ.

"ವಜ್ರ! ಯಜಮಾನ್ರೆ, ನಿಮ್ಮ ನಸೀಬು ತೆರೀತು. ಹೊಲ ನಿಮ್ದು, ಕಣ್ಣು ನಂದು. ಅರ್ಧ ಪಾಲು ನನಗ ಬರಬೇಕು, ಹೌದಲ್ರೀ?"

"ಹೌದ್ರಿ. ಆದ್ರ ಇದನ್ನ ಅರ್ಧ ಮಾಡೋದು ಹ್ಯಾಂಗ್ರಿ?"

"ಮಾಡಬಾರದು. ಕಲ್ಲು ನಿಮ್ಮ ಹತ್ರನ ಇರಲಿ. ನನ್ನ ಪಾಲಿಗೆ ಮನ್ಯಾಗಿನ ಒಂದು ಬೆಳ್ಳಿ ಸಾಮಾನು ಕೊಡ್ರಿ, ಸಾಕು. ನಾಳೆ ಮುಂಜಾನೆ ಇಲ್ಲಿಗೇ ಬರ್ತೀನಿ. ಯಾರಿಗೂ ಹೇಳಬ್ಯಾಡ್ರಿ ಮತ್ತ. ಸರ್ಕಾರಕ್ಕ ಗೊತ್ತಾತು ಅಂದ್ರ ಹೊಲಕ್ಕ ಬೇಲಿ ಹಾಕಿ ನಿಮ್ಮನ್ನ ಹೊರಗ ನಿಲ್ಲಸ್ತಾರ."

ಕಲ್ಲನ್ನು ಕೈಗೇ ಕೊಟ್ಟು ಹೊರಟುಹೋದ. ಇಷ್ಟು ನಂಬುವವನು ಮೋಸ ಮಾಡುತ್ತಾನೆಯೇ ಎಂದುಕೊಂಡ ಬಜಾರಪ್ಪ. ಪಾಪ, ಹಾಗೆ ಅಂದುಕೊಳ್ಳಲಿ ಎಂದೇ ಅವನು ಕೊಟ್ಟು ಹೋದದ್ದು.

ಮನೆಯಲ್ಲಿದ್ದ ಬೆಳ್ಳಿ ಎಂದರೆ ಹೆಂಡತಿ ಪಕೀರಮ್ಮನ ಸೊಂಟದ ಡಾಬು ಒಂದೇ. ಅವಳ ತಾಯಿ ತನ್ನ ಆಡುಗಳನ್ನು ಮಾರಿ ಮಗಳ ಮದುವೆಗೆ ಮಾಡಿಸಿದ್ದು. ಆ ತಾಯಿ ಈಗ ಇಲ್ಲ. ಸ್ನಾನಕ್ಕೆ ಬಿಟ್ಟರೆ ಪಕೀರಮ್ಮ ಅದನ್ನು ಬಿಚ್ಚಿದವಳಲ್ಲ.

"ಡಾಬು ಬಿಚ್ಚಿ ಕೊಡು. ಉಜ್ಜಿ ಕೊಡ್ತೀನಿ," ಎಂದ ಬಜಾರಪ್ಪ.

"ಮದುವಿ ಆದಾಗಿಂದ ನೀವು ಉಂಡ ಗಂಗಾಳನ ಉಜ್ಜಿಲ್ಲ. ಇವತ್ತೇನ್ರಿ ಡಾಬಿನ ಮ್ಯಾಲೆ ಇಷ್ಟು ಪ್ರೀತಿ?"

ಬಜಾರಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ನಡೆದದ್ದನ್ನೆಲ್ಲ ಹೇಳಿಬಿಟ್ಟ. ಹೇಳಿದ ಮೇಲೆ ಹೆದರಿಕೆಯಾಗಿ ಆಣೆ ಹಾಕಿಸಿಕೊಂಡ.

"ಉರುಕುಂದ ಈರಣ್ಣನ ಆಣಿ, ಒಬ್ಬ ನರಮನುಷ್ಯಾಗೂ ಹೇಳಂಗಿಲ್ಲ ಅನ್ನು."

ಅವಳು ಹಾಗೇ ಅಂದಳು. ಆದರೆ ಪಕೀರಮ್ಮನ ಹೊಟ್ಟೆಯಲ್ಲಿ ಗುಟ್ಟು ನಿಂತದ್ದನ್ನು ಆ ಓಣಿಯವರು ಕಂಡಿಲ್ಲ. ಸಂಜೆ ಹಾಲು ಕರೆಯಲು ಕೂತಾಗ ಅವಳಿಗೆ ದಾರಿ ಹೊಳೆಯಿತು. ಆಣೆ ಇದ್ದದ್ದು ಮನುಷ್ಯರ ಲೆಕ್ಕಕ್ಕೆ. ಎಮ್ಮೆ ಅದರಲ್ಲಿ ಬರುವುದಿಲ್ಲ.

"ಕೇಳವ್ವ ಎಮ್ಮಿ, ನಮ್ಮ ಹೊಲದಾಗ ವಜ್ರ ಸಿಕ್ಕೈತಿ. ಕೋಟು ಹಾಕ್ಕೊಂಡಾಂವ ಒಬ್ಬ ಹುಡುಕಿ ಕೊಟ್ಟಾನ. ನಾಳೆ ಅವಗ ನಮ್ಮವ್ವ ಕೊಟ್ಟ ಡಾಬು ಕೊಡಬೇಕಂತ. ನನಗ ಕೊಡಾಕ ಮನಸ್ಸಿಲ್ಲ."

ಮೋಟು ಗೋಡೆಯ ಆಚೆ ನೆರೆಮನೆಯ ಶೇಷಮ್ಮ ತನ್ನ ಆಡಿಗೆ ಸೊಪ್ಪು ಹಾಕುತ್ತಿದ್ದಳು. ಸೊಪ್ಪಿನ ಸದ್ದು ನಿಂತಿತು. ಆಮೇಲೆ ಶೇಷಮ್ಮನ ದನಿ ಬಂತು.

"ಕೇಳಿದೇನ ಆಡೇ? ನಮ್ಮ ಯಜಮಾನ್ರಿಗೂ ನಿನ್ನೆ ಸಿಕ್ಕೈತಿ. ಅದೇ ಕೋಟಿನಾಂವ. ನಾಳೆ ನನ್ನ ಕಾಲ್ಗಡಗ ಕೊಡಬೇಕಂತ. ನನಗೂ ಆಣಿ ಹಾಕಿಸ್ಯಾರ, ಅದಕ್ಕ ನಿನಗ ಹೇಳಾಕತ್ತೀನಿ."

"ಎಮ್ಮಿ, ಇಷ್ಟು ವರ್ಷ ಒಂದೂ ಸಿಗದ ಊರಾಗ ದಿನಕ್ಕೊಂದು ವಜ್ರ ಸಿಗಾಕತ್ತಾವೇನ?"

"ಅದು ಇರಲಿ ಬಿಡು ಆಡೇ. ಖರೇ ವಜ್ರ ಆಗಿದ್ರ ಅಂವ ಸುಮ್ನ ಬಗ್ಗಿ ಕಿಸೆದಾಗ ಹಾಕ್ಕೊಂಡು ಹೋಗ್ತಿದ್ದ. ಹೊಲದವನ್ನ ಕೂಗಿ ಯಾಕ ತೋರಸ್ತಿದ್ದ?"

ಎಮ್ಮೆ ಬಾಲ ಬೀಸಿತು. ಪಕೀರಮ್ಮ ಹಾಲಿನ ಚೆಂಬು ಕೆಳಗಿಟ್ಟು ಎದ್ದು ನಿಂತಳು. ಇಷ್ಟು ಸರಳವಾದ ಮಾತು ಇಬ್ಬರು ಗಂಡಸರಿಗೂ ಹೊಳೆದಿರಲಿಲ್ಲ. ಕಣ್ಣ ಮುಂದೆ ವಜ್ರ ಹಿಡಿದರೆ ಹಿಂದಿರುವುದು ಯಾರಿಗೆ ಕಾಣುತ್ತದೆ?

ದೀಪ ಹಚ್ಚುವುದರೊಳಗೆ ಹೆಂಗಸರಿಬ್ಬರೂ ಸೇರಿ ಬಜಾರಪ್ಪನನ್ನೂ ಶೇಷಮ್ಮನ ಗಂಡ ಗೋವಿಂದಪ್ಪನನ್ನೂ ಕಟ್ಟೆಯ ಮೇಲೆ ಎದುರುಬದುರು ಕೂರಿಸಿದರು.

"ಆಣಿ ಮುರಿದೆಲ್ಲ!" ಎಂದು ಬಜಾರಪ್ಪ ಸಿಡಿದ.

"ನಾನು ಹೇಳಿದ್ದು ಎಮ್ಮಿಗೆ. ಅದೇನು ನರಮನುಷ್ಯ ಏನ್ರಿ?"

ಸಂಗತಿಯೆಲ್ಲ ಕೇಳಿಯೂ ಗಂಡಸರು ಬಗ್ಗಲಿಲ್ಲ.

"ಗೋವಿಂದಣ್ಣ, ನಿನಗ ಕೊಟ್ಟಿದ್ದು ಗಾಜು ಇರಬೇಕು. ನಂದು ಮಾತ್ರ ಖರೇದು."

"ನನ್ನ ಕಲ್ಲಿನ ಹೊಳಪು ನೋಡಿ ಮಾತಾಡು. ಗಾಜು ನಿಂದು!"

ಪಕೀರಮ್ಮ ಎರಡೂ ಕಲ್ಲು ಇಸಿದುಕೊಂಡು ಮೊರಕ್ಕೆ ಹಾಕಿದಳು. ಜೋಳ ಕೇರಿದಂತೆ ಗಲಗಲ ಆಡಿಸಿ ಮುಂದಿಟ್ಟಳು.

"ಈಗ ನಿಮ್ಮ ನಿಮ್ಮ ವಜ್ರ ಆರಿಸಿಕೊಳ್ರಿ."

ಇಬ್ಬರ ಕೈಯೂ ಒಂದೇ ಕಲ್ಲಿಗೆ ಹೋಯಿತು. ತಪ್ಪಾಯಿತೆಂದು ಇಬ್ಬರೂ ಅದನ್ನು ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದರು. ಶೇಷಮ್ಮ ನಕ್ಕು ನಕ್ಕು ಗೋಡೆಗೆ ಒರಗಿದಳು.

ಗದ್ದಲಕ್ಕೆ ಎದುರುಮನೆಯ ಜಂಬಮ್ಮ ಬಂದಳು. ಮೊರ ನೋಡಿದಳು. ನಗಲಿಲ್ಲ. ಸೆರಗಿನ ಗಂಟು ಬಿಚ್ಚಿ ಇನ್ನೊಂದು ಕಲ್ಲನ್ನು ಮೊರಕ್ಕೆ ಹಾಕಿದಳು.

"ನಂದೂ ಐತಿ. ನಾನು ಮೊನ್ನೆನ ನನ್ನ ಬೆಳ್ಳಿ ಕಡಗ ಕೊಟ್ಟುಬಿಟ್ಟೆ. ರಾತ್ರಿ ಕಳೆಯೋದ್ರಾಗ ಸಂಶಯ ಬಂತು. ನಾಚಿಕಿ ಆತು, ಹೇಳಲಿಲ್ಲವ್ವ."

ಅವಳ ಮುಂಗೈ ಬರಿದಾಗಿತ್ತು. ಬಜಾರಪ್ಪ ತನ್ನ ಕಲ್ಲನ್ನು ಮತ್ತೆ ಆರಿಸಲು ಹೋಗಲಿಲ್ಲ. ಹೆಂಡತಿಯ ಡಾಬಿನ ಕಡೆ ನೋಡಿ ತಲೆ ತಗ್ಗಿಸಿದ.

ಮುಂಜಾನೆ ಕೋಟಿನವನು ನಗುನಗುತ್ತಾ ಹೊಲಕ್ಕೆ ಬಂದ. ಬಜಾರಪ್ಪ ಎರಡೂ ಕೈಯಲ್ಲಿ ಕಲ್ಲು ನೀಡಿದ.

"ಸ್ವಾಮಿ, ವಜ್ರ ನೀವೇ ಇಟ್ಕೊಳ್ರಿ. ನಮ್ಮ ಪಾಲಿಗೆ ನಿಮ್ಮ ಕೋಟು ಕೊಡ್ರಿ, ಸಾಕು."

ಅವನ ಮುಖ ಬಿಳಿಚಿತು. ತಿರುಗಿ ಓಡುವಷ್ಟರಲ್ಲಿ, ಬದುವಿನ ಹಿಂದೆ ಕೂತಿದ್ದ ಗೋವಿಂದಪ್ಪ ಕೋಟು ಹಿಡಿದ. ಆ ಪುಣ್ಯಾತ್ಮ ಕೋಟಿನ ತೋಳಿನಿಂದ ಜಾರಿಕೊಂಡು, ಹಸಿ ಮಣ್ಣಿನಲ್ಲಿ ಚಪ್ಪಲಿಯನ್ನೂ ಬಿಟ್ಟು ಓಡಿದ. ಕೋಟಿನ ಕಿಸೆಯ ತುಂಬ ಅಂಥವೇ ಗಾಜಿನ ಚೂರು. ಜಂಬಮ್ಮನ ಕಡಗ ಮಾತ್ರ ಇರಲಿಲ್ಲ. ಪತ್ತಿಕೊಂಡದ ಠಾಣೆಗೆ ಸುದ್ದಿ ಮುಟ್ಟಿಸಿದರು. ಕಡಗ ಕೊನೆಗೂ ಬರಲಿಲ್ಲ.

ಬಜಾರಪ್ಪ ಅಂದೇ ಶೇಂಗಾ ಬಿತ್ತಿದ. ಜಂಬಮ್ಮ ಆ ಕೋಟನ್ನು ತನ್ನ ಹಿತ್ತಲಲ್ಲಿ ಬೆದರುಬೊಂಬೆಗೆ ತೊಡಿಸಿದಳು. ದೇವನಕೊಂಡಕ್ಕೆ ಹೋಗುವ ಬಂಡಿಗಳನ್ನೆಲ್ಲ ನಿಲ್ಲಿಸಿ, ಬೊಂಬೆಯ ಕಡೆ ಬೆರಳು ತೋರಿಸಿ, ತಾನು ಮೋಸ ಹೋದ ಕಥೆಯನ್ನು ಗಟ್ಟಿ ದನಿಯಲ್ಲಿ ಹೇಳತೊಡಗಿದಳು. ಅವಳ ಮೇಲೆ ನನಗೆ ಬಹಳ ಗೌರವ.

ಅಕ್ಕಂದಿರೆ, ಅಣ್ಣಂದಿರೆ, ಕೇಳಿದಿರಲ್ಲ. ಪುಕ್ಕಟೆ ಲಾಭ ತೋರಿಸಿ, ಬೇಗ ಕೊಡು ಎಂದು ಅವಸರ ಮಾಡಿ, ಯಾರಿಗೂ ಹೇಳಬೇಡ ಎಂದು ಯಾರಾದರೂ ಅಂದರೆ, ಕೈಯಲ್ಲಿದ್ದುದನ್ನು ಕೊಡುವ ಮೊದಲು ಮನೆಯವರಿಗೆ ಹೇಳಿ, ನೆರೆಯವರನ್ನು ಕೇಳಿ. ಆಗಲೇ ಮೋಸ ಹೋಗಿದ್ದರೂ ಹೇಳಿ. ನಿಮ್ಮ ಕಡಗ ಬಾರದೆ ಹೋದರೂ ಇನ್ನೊಬ್ಬರ ಡಾಬು ಉಳಿಯುತ್ತದೆ. ಅಷ್ಟಕ್ಕೂ ನಾಚಿಕೆಯಾದರೆ ಎಮ್ಮೆಗಾದರೂ ಹೇಳಿ. ಆದರೆ ಗೋಡೆಯ ಆಚೆ ಕೇಳುವಷ್ಟು ಗಟ್ಟಿಯಾಗಿ ಹೇಳಿ.