ಮಡಿ ಡಬ್ಬಿ

ವಿಭೂತಿ ಇನ್ನೂ ಹೋಗಿಲ್ಲ, ಮಾನಿಟರಿನ ಹಣೆಯ ಮೇಲೆ ಮೂರು ಗೆರೆ, ಒಣಗಿ ಬಿರುಕು ಬಿಟ್ಟು ಮಧ್ಯದ ಗೆರೆ ಅರ್ಧ ಉದುರಿದೆ, ಕುಂಕುಮದ ಬೊಟ್ಟು ಕಪ್ಪಾಗಿದೆ, ಒರೆಸಬೇಕು ಎಂದು ಹಬ್ಬ ಕಳೆದಂದಿನಿಂದ ಅಂದುಕೊಳ್ಳುತ್ತಲೇ ಇದ್ದಾನೆ ಕಂಪ್ಯೂಟರು ನೋಡಿಕೊಳ್ಳುವ ಅನಂತಪದ್ಮನಾಭ, ಒರೆಸಲು ಕೈ ಬರುವುದಿಲ್ಲ, ಸತ್ತವರ ಹಣೆ ಒರೆಸಿದ ಹಾಗಾಗುತ್ತದೆ — ಕಂಪ್ಯೂಟರೂ ಸತ್ತಂತೆಯೇ, ಹಚ್ಚಿದರೆ ಅದೇ ಕರಿಯ ಪರದೆ, ಅದೇ ಇಂಗ್ಲಿಷ್ ಸಾಲುಗಳು, ನಿಮ್ಮದೆಲ್ಲ ನಮ್ಮ ಬೀಗದೊಳಗಿದೆ, ಕೀಲಿ ಬೇಕಾದರೆ ದುಡ್ಡು ಕಳಿಸಿ. ಎದುರು ಬಾಗಿಲಿನ ಹಿಂದೆ, ಟ್ರಸ್ಟಿನ ಕಾರ್ಯದರ್ಶಿ ಜಯದೇವಪ್ಪನವರ ಕೋಣೆಯಲ್ಲಿ, ಸೈಬರ್ ಠಾಣೆಯ ಇನ್ಸ್‌ಪೆಕ್ಟರ್ ಕನಕರಾಜು ಬಂದು ಕೂತಿದ್ದಾರೆ, ಕಾಫಿ ಲೋಟದ ಸದ್ದು, ನಗು, ಜಯದೇವಪ್ಪನವರ ನಗು ಯಾವಾಗಲೂ ಕೆಮ್ಮಿನಲ್ಲಿ ಮುಗಿಯುತ್ತದೆ, ಇನ್ನು ಸ್ವಲ್ಪ ಹೊತ್ತಿಗೆ ಕೂಗುತ್ತಾರೆ, ಆಗ ಹೋಗಿ ಹೇಳಬೇಕಾದದ್ದು ಇಷ್ಟೇ, ಯಾರೋ ಕಳ್ಳರು ನುಗ್ಗಿದರು, ಮಾಹಿತಿ ಹೋಯಿತು, ಯಾರಿಗೂ ಏನೂ ಆಗಲಿಲ್ಲ. ಬೆಳಿಗ್ಗೆ ಹೆಗಲ ಮೇಲೆ ಕೈ ಹಾಕಿ ಪಾಠ ಹೇಳಿಕೊಟ್ಟಿದ್ದರು ಜಯದೇವಪ್ಪ, ಮೂರೇ ಮಾತು ಕಣೋ ಅನಂತು, ನಾಕನೇದು ಆಡಿದ್ರೆ ಕೇಂದ್ರಕ್ಕೆ ಬೀಗ, ಆಮೇಲೆ ಈ ಜನ ಡಯಾಲಿಸಿಸ್ಸಿಗೆ ಶಿವಮೊಗ್ಗಕ್ಕೆ ಅಲೀಬೇಕು, ಆ ಪಾಪ ಯಾರಿಗೆ ಸುತ್ಕೊಳುತ್ತೆ ಯೋಚ್ನೆ ಮಾಡು. ನಾಲ್ಕನೆಯ ಮಾತು ಕಾಶಮ್ಮ. ಅದು ಅವರಿಗೆ ಗೊತ್ತಿಲ್ಲ. ಸೂಜಿ ಚುಚ್ಚಿದ ನರ್ಸ್ ಭವ್ಯಳಿಗೂ ಗೊತ್ತಿಲ್ಲ. ಕಡೂರಿನಲ್ಲಿ, ತರೀಕೆರೆಯಲ್ಲಿ, ಅಜ್ಜಂಪುರದಲ್ಲಿ, ಟ್ರಸ್ಟಿನ ಮೂರು ಕೇಂದ್ರಗಳಲ್ಲಿ ಒಬ್ಬನಿಗೇ ಗೊತ್ತು, ಅವನು ಕಡೂರಿನ ಈ ಬೆಂಚಿನ ಮೇಲೆ ಕೂತು ವಿಭೂತಿ ನೋಡುತ್ತಿದ್ದಾನೆ.

ಒಳಗೆ ಯಂತ್ರಗಳು ಗುಂಯ್ ಎನ್ನುತ್ತಿವೆ, ಅವು ಹಾಳಾಗಲಿಲ್ಲ, ರಕ್ತ ತೊಳೆಯುವ ಯಂತ್ರಕ್ಕೆ ಯಾರ ರಕ್ತ ಎಂಬುದು ಬೇಕಿಲ್ಲ, ಯಾರದು ಎಂದು ತಿಳಿಯಬೇಕಾದದ್ದು ಮನುಷ್ಯರಿಗೆ, ಮನುಷ್ಯರು ಅದನ್ನು ಕಂಪ್ಯೂಟರಿಗೆ ಹೇಳಿ ತಾವು ಮರೆತುಬಿಟ್ಟಿದ್ದರು. ಕಳ್ಳ ತರೀಕೆರೆಯಿಂದ ಒಳಗೆ ಬಂದ, ಅಲ್ಲಿನ ಮೇಜಿನವರು ಯಾವುದೋ ಮೇಲ್ ಒತ್ತಿದ್ದಾರೆ, ಔಷಧಿ ಕಂಪನಿ ಬಿಲ್ಲು ಅಂದ್ಕೊಂಡೆ ಸಾರ್ ಎಂದು ಅತ್ತರು, ಅವರನ್ನು ಬಯ್ಯಲು ಬಾಯಿ ಬರಲಿಲ್ಲ, ಯಾಕೆಂದರೆ ಮೂರೂ ಊರಿಗೆ ಒಂದೇ ಲಾಗಿನ್, ಅನಂತಪದ್ಮನಾಭ ಎಂಬ ಹೆಸರಿನದು, ಮೂರೂ ಊರಿಗೆ ಒಂದೇ ಪಾಸ್‌ವರ್ಡು, ಟ್ರಸ್ಟಿನ ಹೆಸರು ಮುಂದೆ ಒಂದು ಎರಡು ಮೂರು, ತರೀಕೆರೆಯಲ್ಲಿ ಅದನ್ನು ಚೀಟಿಯಲ್ಲಿ ಬರೆದು ದೇವರ ಪಟದ ಕೆಳಗೆ ಅಂಟಿಸಿದ್ದರು, ಅಗರಬತ್ತಿಯ ಹೊಗೆಗೆ ಚೀಟಿ ಕಂದಿ ಪ್ರಸಾದದ ಬಣ್ಣಕ್ಕೆ ಬಂದಿತ್ತು. ಒಬ್ಬೊಬ್ಬರಿಗೂ ಬೇರೆ ಬೇರೆ ಮಾಡೋಣ ಸಾರ್ ಎಂದು ಒಮ್ಮೆ ಹೇಳಿದ್ದ, ಜಯದೇವಪ್ಪ ನಕ್ಕಿದ್ದರು, ಯಾಕೋ, ನಮ್ಮೊಳಗೆ ಕಳ್ಳರವ್ರಾ, ಒಂದೇ ಮನೆ ಒಂದೇ ಕೀಲಿ ಕಣೋ. ಬೇಲಿಯಿಲ್ಲದ ಎಮ್ಮೆದೊಡ್ಡಿ ಹುಲ್ಲುಗಾವಲಿನ ಹಾಗೆ, ಯಾವ ದನ ಬೇಕಾದರೂ ನುಗ್ಗಿ ಮೇಯಬಹುದು. ಅವನು ಎರಡನೆಯ ಸಲ ಹೇಳಲಿಲ್ಲ. ಎರಡನೆಯ ಸಲ ಹೇಳದಿರುವುದು ಅವನಿಗೆ ಹುಟ್ಟಿನಿಂದ ಬಂದದ್ದು.

ಆದರೆ ಒಂದನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಮಡಿ ಡಬ್ಬಿ. ಅಂಗೈಯಗಲದ ಹಾರ್ಡ್ ಡಿಸ್ಕು, ಶನಿವಾರ ಸಂಜೆ ಕಂಪ್ಯೂಟರಿಗೆ ಸಿಕ್ಕಿಸಿ ಮೂರೂ ಊರಿನ ರೋಗಿಗಳ ಮಾಹಿತಿಯನ್ನೆಲ್ಲ ಅದಕ್ಕೆ ಇಳಿಸಿಕೊಂಡು, ಕಿತ್ತು, ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ, ಯಾವಾಗಲೂ ಕಿತ್ತೇ ಇರಬೇಕು, ಸಿಕ್ಕಿಸಿಯೇ ಬಿಟ್ಟರೆ ಕಂಪ್ಯೂಟರಿಗೆ ಬಂದ ರೋಗ ಅದಕ್ಕೂ ಬರುತ್ತದೆ. ಇದನ್ನು ಭವ್ಯಳಿಗೆ, ಆಯಾಗಳಿಗೆ ಹೇಗೆ ಹೇಳುವುದು, ಇಂಗ್ಲಿಷಿನಲ್ಲಿ ಹೇಳಿದರೆ ತಲೆಯಾಡಿಸಿ ಮರೆಯುತ್ತಾರೆ, ಅದಕ್ಕೇ ಒಂದು ದಿನ ತಮಾಷೆಗೆ ಅಂದಿದ್ದ, ಇದು ಮಡಿಯಲ್ಲಿದೆ ಕಣ್ರೀ, ಯಾರೂ ಮುಟ್ಟಬೇಡಿ. ಎಲ್ಲರೂ ನಕ್ಕರು, ಹೆಸರು ಅಂಟಿಕೊಂಡಿತು, ಮತ್ತೆ ಯಾರೂ ಮುಟ್ಟಲಿಲ್ಲ. ಪದ ಅವನದೇ. ಬೇರೆ ಪದ ಸಿಗುತ್ತಿರಲಿಲ್ಲವೇ, ಬಿತ್ತನೆ ಕಾಳು ಅನ್ನಬಹುದಿತ್ತು, ಬಿತ್ತನೆ ಕಾಳನ್ನು ಅಡುಗೆ ಕಾಳಿನ ಜೊತೆ ಇಡುತ್ತಾರೆಯೇ ಅಂದಿದ್ದರೆ ಜಯದೇವಪ್ಪನವರಂಥ ಬೇಸಾಯದ ಮನೆಯವರು ತಕ್ಷಣ ಒಪ್ಪುತ್ತಿದ್ದರು, ಆದರೆ ಬಾಯಿಗೆ ಬಂದದ್ದು ಮಡಿ, ಅಜ್ಜಿ ಶಾರದಾಂಬಾಳ ಮಡಿ, ತರೀಕೆರೆಯ ಮನೆಯ ಹಿತ್ತಿಲಲ್ಲಿ ಗಳುವಿನ ಮೇಲೆ ಒಣಗುತ್ತಿದ್ದ ಸೀರೆ, ಕೋಲಿನಿಂದಲೇ ಇಳಿಸಬೇಕಾದ ಸೀರೆ, ಬೆಣ್ಣೆ ಮಾರಲು ಬಂದ ಹೆಂಗಸು ಬಾಯಾರಿಕೆ ಎಂದಾಗ ಜಗಲಿಯ ಮೇಲೆ ನಿಂತು ಚೊಂಬಿನಿಂದ ಎತ್ತರಕ್ಕೆ ಸುರಿದ ನೀರು, ಬೊಗಸೆಯಲ್ಲಿ ಕುಡಿದವಳ ಮೊಣಕೈಯಿಂದ ಅದು ಮಣ್ಣಿಗೆ ತೊಟ್ಟಿಕ್ಕಿದ್ದು — ಅವಳು ಕುಡಿದು ತಲೆಯೆತ್ತಿ ಇವನನ್ನು ನೋಡಿದಳು, ಇವನು ಕಂಬದ ಹಿಂದೆ ಸರಿದ. ಆಮೇಲೆ ಯಾರ ಮನೆಯಲ್ಲಿ ಏನು ಕೊಟ್ಟರೂ ತಿಂದ, ಜನಿವಾರ ತೆಗೆದಿಟ್ಟ, ಆದರೂ ಹೆಸರು ಕೇಳಿದೊಡನೆ ಎದುರಿನವರ ಮುಖದಲ್ಲಿ ಒಂದು ಕ್ಷಣ ಸುಳಿಯುವುದು ಅವನಿಗೆ ಕಾಣುತ್ತದೆ, ಓ ಅವರಾ.

ಆಯುಧ ಪೂಜೆ. ಯಂತ್ರಗಳಿಗೆಲ್ಲ ರಜೆ, ಬೆಳಿಗ್ಗೆ ತೊಳೆದು ಒರೆಸಿ ವಿಭೂತಿ ಹಚ್ಚಿ ಬಾಳೆಕಂದು ಕಟ್ಟಿದ್ದರು, ಕತ್ತರಿ, ಸ್ಟೆತಸ್ಕೋಪು, ಬಿಪಿ ನೋಡುವ ಪಟ್ಟಿ ಎಲ್ಲ ಮೇಜಿನ ಮೇಲೆ ಸಾಲಾಗಿ, ಕಂಪ್ಯೂಟರಿನ ಪರದೆಯ ಮೇಲೆ ದೇವರ ಚಿತ್ರ ಬರಬೇಕು, ಆರಿಸಬೇಡ್ರೋ, ಬೆಳಗ್ಲಿ, ಎಂದು ಜಯದೇವಪ್ಪನವರ ಅಪ್ಪಣೆ. ಜಯದೇವಪ್ಪ ಬಿಳಿ ಪಂಚೆ ಉಟ್ಟು ಒಂದೊಂದನ್ನೂ ನೋಡುತ್ತ ಬಂದರು, ಎಲ್ಲೋ ಅನಂತು, ನಿನ್ ಡಬ್ಬಿ ಕಾಣ್ತಿಲ್ವಲ್ಲೋ. ಅದು ಬೀರುವಲ್ಲಿರ್ಲಿ ಸಾರ್, ಅಲ್ಲೇ ಒಂದು ಬೊಟ್ಟಿಟ್ಟುಬಿಡೋಣ. ಅದೇನ್ ಮುಟ್ಟಾಗೈತೇನೋ ಬೇರೆ ಕೂರ್ಸೋಕೆ? ಎಲ್ಲರೂ ಹೋ ಎಂದು ನಕ್ಕರು, ಭವ್ಯ ತಲೆ ತಗ್ಗಿಸಿದಳು. ಲೇ, ನಾವು ಲಿಂಗವಂತ್ರು ಕಣೋ, ನಮಗೆ ಸೂತಕಿಲ್ಲ, ಮೈಲಿಗಿಲ್ಲ, ನಿಮ್ಮಜ್ಜಿ ಮಡಿ ನಿಮ್ಮನೇಲಿಟ್ಕೋ, ಇಲ್ಲಿ ಎಲ್ಲಾ ಒಂದೇ ಪಂಕ್ತಿ, ತತ್ತಾ ಅದನ್ನ. ಪ್ರೀತಿಯಿಂದಲೇ ಅಂದದ್ದು, ಕೆಲಸ ಕೊಟ್ಟವರು, ಅವನ ತಂದೆ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಟ್ಟವರು, ಆದರೂ ಅವನ ಕಿವಿಗೆ ಬಿಸಿ ಹತ್ತಿತು, ಕಂಬದ ಹಿಂದಿನ ಹುಡುಗ ಕಣ್ಣ ಮುಂದೆ ಬಂದು ನಿಂತ. ಬೀರು ತೆರೆದ, ಟವೆಲು ಬಿಚ್ಚಿದ, ಡಬ್ಬಿಯನ್ನು ಪಂಕ್ತಿಯಲ್ಲಿಟ್ಟ. ಅಷ್ಟಕ್ಕೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ, ಇಟ್ಟ ಮಾತ್ರಕ್ಕೆ ರೋಗ ಹತ್ತುವುದಿಲ್ಲ. ಭವ್ಯ ಅಂದಳು, ಎಲ್ಲದ್ರಲ್ಲೂ ದೀಪ ಉರೀತಿದೆ ಸಾರ್, ಇದೊಂದು ಮಂಕಾಗಿದೆ. ಅವನೇ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿದ, ಯಾರೂ ಹೇಳಿರಲಿಲ್ಲ, ನಗುತ್ತಲೇ ಸಿಕ್ಕಿಸಿದ, ತಾನು ಅಂಥವನಲ್ಲ ಎಂದು ತೋರಿಸಲು. ಮೂಲೆಯಲ್ಲಿ ನೀಲಿ ಚುಕ್ಕೆ ಹತ್ತಿಕೊಂಡಿತು. ಅದರ ಮೇಲೊಂದು ಚೆಂಡುಹೂವು ಇಟ್ಟರು.

ಸಂಜೆ ಮಂಡಕ್ಕಿ ಪ್ರಸಾದ ಹಂಚುವಾಗ ನೋಡಿದ. ಸುಮ್ಮನಿದ್ದರೆ ಆ ಚುಕ್ಕೆ ಅಲುಗಾಡದೆ ಉರಿಯುತ್ತದೆ, ಏನಾದರೂ ಬರೆಯುತ್ತಿದ್ದರೆ ಮಾತ್ರ ಮಿಣುಕುತ್ತದೆ, ಯಾರೂ ಏನೂ ಬರೆಯುತ್ತಿಲ್ಲ, ಎಲ್ಲರ ಕೈಯಲ್ಲೂ ಮಂಡಕ್ಕಿ. ಹೂವಿನ ಕೆಳಗೆ ಚುಕ್ಕೆ ಮಿಣುಕುತ್ತಿತ್ತು, ಬೇಗ ಬೇಗ, ಅವಸರದಲ್ಲಿ ಉಸಿರಾಡಿದ ಹಾಗೆ. ಎಷ್ಟ್ ಚೆನ್ನಾಗಿದೆ ಅಲ್ವಾ ಸಾರ್, ಮಿಂಚುಹುಳ ಇದ್ದಂಗೆ, ಅಂದಳು ಭವ್ಯ. ಕೈ ಚಾಚಿದ. ಏಯ್ ಏಯ್, ಪೂಜೆಗಿಟ್ಟದ್ದು ಕಣೋ, ನಾಳೆ ಬೆಳಿಗ್ಗೆವರ್ಗೂ ಮುಟ್ಬ್ಯಾಡ, ಅಂದರು ಜಯದೇವಪ್ಪ, ಸೂತಕವಿಲ್ಲದವರಿಗೂ ಆಯುಧ ಪೂಜೆಯ ಕಟ್ಟಳೆ ಇತ್ತು. ಕೈ ಹಿಂದಕ್ಕೆ ಬಂತು. ಎರಡನೆಯ ಸಲ ಚಾಚಲಿಲ್ಲ.

ಬೆಳಿಗ್ಗೆ ಎಲ್ಲ ಬೀಗದೊಳಗಿತ್ತು, ಕಡೂರು, ತರೀಕೆರೆ, ಅಜ್ಜಂಪುರ, ಮಡಿ ಡಬ್ಬಿ. ಇಂಥ ಕಳ್ಳತನವಾದರೆ ಆರು ತಾಸಿನೊಳಗೆ ದಿಲ್ಲಿಯ ಸೈಬರ್ ಕಚೇರಿಗೆ ತಿಳಿಸಬೇಕು ಎಂಬ ನಿಯಮವನ್ನು ಅವನು ಓದಿದ್ದ, ತಿಳಿಸೋಣ ಸಾರ್ ಅಂದ, ಜಯದೇವಪ್ಪನವರ ಮುಖದಲ್ಲಿ ರಕ್ತವಿರಲಿಲ್ಲ, ಯಾರಿಗೂ ಹೇಳ್ಬ್ಯಾಡ, ಕರೆಂಟ್ ಏರಿ ಸುಟ್ಟೋಯ್ತು ಅನ್ನು, ಮೊದ್ಲು ಬಾಗ್ಲು ತೆಗೀರಿ, ಜನ ಕಾಯ್ತಾವ್ರೆ. ಕಾಯುತ್ತಿದ್ದವರಲ್ಲಿ ಮೊದಲನೆಯವಳೇ ಕಾಶಮ್ಮ, ಅಜ್ಜಂಪುರದ ಕೇಂದ್ರದವಳು, ಹಬ್ಬಕ್ಕೆ ಯಗಟಿಗೆ ಮಗಳ ಮನೆಗೆ ಬಂದವಳು ಇದೊಂದು ಸಲ ಇಲ್ಲೇ ರಕ್ತ ತೊಳೆಸಿಕೊಳ್ಳಬೇಕಿತ್ತು, ಬಾಯ್ತುಂಬ ಎಲೆಯಡಿಕೆ, ಮೈಮೇಲೆ ಮಗಳು ಕೊಟ್ಟ ಹೊಸ ಸೀರೆ. ಭವ್ಯ ಕೇಳಿದಳು, ಅಮ್ಮಾ, ನಿಮಗೆ ಯಾವ್ದಾದ್ರೂ ಔಷಧಿ ಆಗ್ದೇ ಇರೋದು ಇದ್ಯಾ? ನಂಗೇನ್ ಗೊತ್ತು ಕಣವ್ವಾ, ನಮ್ಮೂರಾಗೆ ಆ ಪೆಟ್ಟಿಗೇಲಿ ಎಲ್ಲಾ ಬರ್ಕೊಂಡವ್ರೆ, ಅದನ್ನೇ ಕೇಳು. ಪೆಟ್ಟಿಗೆ ಕೆಟ್ಟಿದೆ ಅಮ್ಮಾ. ಹೂಂ, ನಿನ್ನೆ ಹಬ್ಬದೂಟ ಜಾಸ್ತಿ ಆಗೈತೆ, ಮಲ್ಕೊಂಡೈತೆ, ಎಂದು ಇವನ ಕಡೆ ತಿರುಗಿ ಕಣ್ಣು ಹೊಡೆದಳು ಮುದುಕಿ, ಎಬ್ಬಿಸಪ್ಪಾ ಮಾರಾಯ, ಏನ್ ನೋಡ್ತಾ ನಿಂತಿದೀಯ? ಒಂದ್ಸಲ ತಲೆ ತಿರುಗಿ ಬಿದ್ದಿದ್ದೆ, ಆಸ್ಪತ್ರೇಲಿ ಮಲಗ್ಸಿದ್ರು, ಇನ್ನೇನಿಲ್ಲ. ತಲೆ ಎಲ್ರಿಗೂ ತಿರುಗುತ್ತೆ ಬಿಡಿ ಅಂದಳು ಭವ್ಯ. ಅಜ್ಜಂಪುರಕ್ಕೆ ಫೋನು ಮಾಡಿದ, ದಶಮಿಯ ದಿನ ಅಲ್ಲಿ ಬಾಗಿಲು ಹಾಕಿತ್ತು, ಗಂಟೆ ಬಾರಿಸಿ ಬಾರಿಸಿ ನಿಂತಿತು. ಮೂರೂ ಊರಿನಲ್ಲಿ ನಾಲ್ಕೈದು ಜನರ ಹೆಸರಿನ ಮೇಲೆ ಇಂಥ ಔಷಧಿ ಬೇಡ ಎಂಬ ಕೆಂಪು ಪಟ್ಟಿ ಇತ್ತು ಎಂಬುದು ಅವನಿಗೆ ನೆನಪಿತ್ತು, ಹಾಕಿದವನು ಅವನೇ, ಡಾಕ್ಟರು ಫೋನಿನಲ್ಲಿ ಹೇಳಿದಂತೆ ಹಾಕಿದ್ದ, ಆ ಡಾಕ್ಟರು ಕೆಲಸ ಬಿಟ್ಟು ಹೋಗಿಯೂ ಆಗಿತ್ತು, ಯಾರ ಹೆಸರು, ಯಾರ ಹೆಸರು, ಕಣ್ಣು ಮುಚ್ಚಿದರೆ ಕೆಂಪು ಕಾಣುತ್ತದೆ, ಹೆಸರು ಕಾಣುವುದಿಲ್ಲ. ಭವ್ಯ ಎಲ್ಲರಿಗೂ ಕೊಡುವುದನ್ನೇ ಕೊಟ್ಟಳು, ಹೆಪಾರಿನ್, ರಕ್ತ ಕೊಳವೆಯಲ್ಲಿ ಗಟ್ಟಿಯಾಗದ ಹಾಗೆ. ಕಾಶಮ್ಮ ಹೋಗುವಾಗ ಸೆರಗಿನಿಂದ ಕೊಬ್ಬರಿ ಸಕ್ಕರೆ ತೆಗೆದು ಅವನ ಕೈಗಿಟ್ಟಳು, ನಿನ್ ಪೆಟ್ಟಿಗೆ ಎದ್ಮೇಲೆ ಅದಕ್ಕೂ ಒಂಚೂರು ಕೊಡು.

ಆಮೇಲೊಂದು ದಿನ ಯಗಟಿಯ ಬಸ್ಸಿಳಿದು ಕಾಶಮ್ಮನ ಮಗಳು ಸಂಗೀತಾ ಬಂದಳು, ಕೂದಲು ಬಾಚಿರಲಿಲ್ಲ, ಅಮ್ಮ ಹೋಗ್ಬಿಟ್ಳು ಅಣ್ಣಾ, ಅವತ್ತು ಸಂಜೆನೇ ತಲೆನೋವು ಅಂದ್ಳು, ವಾಂತಿ ಮಾಡ್ಕೊಂಡ್ಳು, ಶಿವಮೊಗ್ಗ ಮುಟ್ಟೋದ್ರೊಳ್ಗೆ ಮುಗ್ದೋಯ್ತು, ಮೊದ್ಲೂ ಒಂದ್ಸಲ ತಲೇಲಿ ನರ ಒಡೆದು ರಕ್ತ ಬಂದಿತ್ತಲ್ಲ, ವಿಧಿ ಬಿಡಿ. ತಲೆಯಲ್ಲಿ ನರ ಒಡೆದಿತ್ತು — ಆಗ ಕೆಂಪು ಪಟ್ಟಿಯ ಮೇಲೆ ಹೆಸರು ಎದ್ದು ಬಂತು, ಅಕ್ಷರ ಅಕ್ಷರವಾಗಿ, ಕಾಶಮ್ಮ, ಅಜ್ಜಂಪುರ, ಹೆಪಾರಿನ್ ಕೊಡಕೂಡದು, ಮತ್ತೆ ಒಡೆದರೆ ರಕ್ತ ನಿಲ್ಲದು, ತನ್ನ ಬೆರಳೇ ಒತ್ತಿದ ಅಕ್ಷರ. ಅವಳು ಬಂದದ್ದು ಜಗಳಕ್ಕಲ್ಲ, ಅವಳಿಗೆ ಯಾವ ಅನುಮಾನವೂ ಇಲ್ಲ, ಅಮ್ಮನ ಹೆಸರು ತೆಗೆದ್ಬಿಡಿ ಅಣ್ಣಾ, ಆ ಜಾಗ ಇನ್ಯಾರಿಗಾದ್ರೂ ಆಗುತ್ತೆ, ಸುಮಾರ್ ಜನ ಕಾಯ್ತಿರ್ತಾರಂತೆ. ತೆಗೀತೀನಮ್ಮಾ ಅಂದ. ತೆಗೆಯಲು ಹೆಸರು ಎಲ್ಲಿತ್ತು.

ಅನಂತು, ಬಾರೋ. ಎದ್ದು ಹೋದ, ಕೋಣೆಯಲ್ಲಿ ಕಾಫಿಯ ವಾಸನೆ, ಭವ್ಯ ಗೋಡೆಗೊರಗಿ ನಿಂತಿದ್ದಾಳೆ, ದುಪಟ್ಟಾದ ತುದಿ ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಾಳೆ. ಕನಕರಾಜು ಒಳ್ಳೆಯ ಮನುಷ್ಯನಂತೆ ಕಾಣುತ್ತಾರೆ, ಅದೇ ಕಷ್ಟ. ಕೂತ್ಕೊಳ್ರೀ, ಇಷ್ಟು ದಿನ ಏನ್ ಮಾಡ್ತಿದ್ರಿ, ಸರ್ಕಾರದೋರು ದಾಖಲೆ ಕೇಳ್ದೇ ಇದ್ದಿದ್ರೆ ನಮ್ಮ ಹತ್ರ ಬರ್ತಾನೇ ಇರ್ಲಿಲ್ಲ ಅಲ್ವಾ? ಲಾಗಿನ್ ಯಾರ್ದು? ನನ್ನದು ಸಾರ್. ಮೂರೂ ಊರಲ್ಲೂ ನೀವೇ ಕೂತಿದ್ರೇನ್ರೀ, ದೇವ್ರ ಥರ? ಜಯದೇವಪ್ಪ ನಕ್ಕು ಕೆಮ್ಮಿದರು. ಮತ್ತೆ ಆ ಡಿಸ್ಕು, ಅದು ಬೇರೆ ಇರ್ಬೇಕಿತ್ತಲ್ಲ? ಹಬ್ಬ ಅಲ್ವಾ ಸಾರ್, ಪೂಜೆಗೆ ಅಂತ, ಎಂದರು ಜಯದೇವಪ್ಪ. ನಮ್ ಠಾಣೇಲೂ ಜೀಪಿಗೆ ಪೂಜೆ ಮಾಡಿ ಕುಂಬಳಕಾಯಿ ಒಡೀತೀವಿ ಯಜಮಾನ್ರೇ, ಆದ್ರೆ ಇಂಜಿನ್ ಆಫ್ ಮಾಡಿರ್ತೀವಿ. ಎಲ್ಲರೂ ನಗುತ್ತಾರೆ, ಅವನ ತುಟಿಯೂ ನಗುತ್ತದೆ, ಬೀಗ ಒಡೆದವನಿಗೆ ಸೆಕ್ಷನ್ ಇದೆ, ಬೀಗ ಹಾಕದವನಿಗೂ ಯಾವುದೋ ಇದ್ದೀತು, ಹೂವು ಮುಡಿಸಿದವನಿಗೆ ಯಾವುದು. ಕೊನೇದು, ಎಂದು ಕನಕರಾಜು ಪೆನ್ನು ಎತ್ತಿದರು, ಇದ್ರಿಂದ ರೋಗಿಗಳಿಗೆ ಯಾರಿಗೂ ತೊಂದ್ರೆ ಆಗಿಲ್ಲ ತಾನೆ? ಆಗಿದ್ರೆ ಕೇಸೇ ಬೇರೆ ಆಗುತ್ತೆ. ಏನೂ ಇಲ್ಲ ಸಾರ್, ಅಂದರು ಜಯದೇವಪ್ಪ. ನಿಮ್ಮನ್ನಲ್ಲ, ಇವ್ರನ್ನ ಕೇಳ್ತಿದೀನಿ. ಪೆನ್ನು ನಿಂತಿದೆ, ಫ್ಯಾನು ತಿರುಗುತ್ತಿದೆ, ಭವ್ಯಳ ಬೆರಳಿನಲ್ಲಿ ದುಪಟ್ಟಾ ನಿಂತಿದೆ, ಸೂಜಿ ಚುಚ್ಚಿದ ಬೆರಳು, ಅವಳಿಗೇ ಗೊತ್ತಿಲ್ಲ, ಒಂದು ಹೆಸರು, ಮೂರೇ ಅಕ್ಷರ, ನಾಲಿಗೆಯ ಮೇಲೆ ಕೊಬ್ಬರಿ ಸಕ್ಕರೆಯ ಹಾಗೆ ಕೂತಿದೆ, ಹೇಳಿದರೆ ಬರೆದುಕೊಳ್ಳುತ್ತಾರೆ, ಹೇಳದಿದ್ದರೆ ಅವಳು ಎಲ್ಲಿಯೂ ಇಲ್ಲ, ಪೆಟ್ಟಿಗೆಯಲ್ಲಿಲ್ಲ, ಡಬ್ಬಿಯಲ್ಲಿಲ್ಲ, ಮಗಳಿಗೆ ವಿಧಿ, ಇವರಿಗೆ ಏನೂ ಇಲ್ಲ, ಕೈ ಚಾಚು, ಒಂದು ಸಲ — ಇಲ್ಲ ಸಾರ್, ಎಂದಿತು ಅವನ ಧ್ವನಿ, ಯಾರಿಗೂ ಏನೂ ಆಗಿಲ್ಲ. ಪೆನ್ನು ಬರೆಯತೊಡಗಿತು. ಒಂದೊಂದು ಮಿಣುಕಿಗೆ ಒಂದೊಂದು ಹೆಸರು ಬೀಗದೊಳಗೆ ಹೋಗುತ್ತಿತ್ತು ಅಲ್ಲವೇ, ಅಂದು ಸಂಜೆ, ಮಂಡಕ್ಕಿ ಹಿಡಿದು ನಿಂತಿದ್ದಾಗ, ಅಷ್ಟು ಮಿಣುಕಿನಲ್ಲಿ ಯಾವುದೋ ಒಂದು ಅವಳದು, ಅವನು ನೋಡುತ್ತಿದ್ದಾಗಲೇ, ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಚೆಂಡುಹೂವಿನ ಕೆಳಗೆ, ನೀಲಿ ಚುಕ್ಕೆ, ಮಿಣುಕ್, ನೀಲಿ ಚುಕ್ಕೆ, ಮಿಣುಕ್, ನೀಲಿ