ಮಾಲ್‌ಸುನ್ ಅಕ್ಕನ ಅಡ್ಡಗೈ

ದೆಗು ನಗರದ ನಮ್ಮ ಚರ್ಮದ ಕ್ಲಿನಿಕ್ಕಿಗೆ ಮಾಲ್‌ಸುನ್ ಅಕ್ಕ ಬಂದದ್ದು ಮಗನ ಮದುವೆಗೆ ಮೂರು ವಾರ ಇರುವಾಗ. ಪೇಟೆಯಲ್ಲಿ ರಜಾಯಿ ಮಾರುವ ಹೆಂಗಸು. ಗಂಟಲು ದೊಡ್ಡದು, ನಗು ಮಾತ್ರ ಯಾವಾಗಲೂ ಅಂಗೈಯ ಹಿಂದೆ.

"ನಕ್ಕರೆ ಮೂಗಿನ ತುದಿ ಕೆಳಗಿಳಿಯುತ್ತೆ ಡಾಕ್ಟರೇ. 'ಸೊಸೆ ನಕ್ಕರೆ ಮೂಗು ಗಂಜಿಗೆ ಅದ್ದುತ್ತೆ' ಅಂತ ನಮ್ಮತ್ತೆ ನೆಂಟರ ಮುಂದೆ ಅಂದುಬಿಟ್ರು. ಮೂವತ್ತೈದು ವರ್ಷದಿಂದ ಕೈ ಅಡ್ಡ. ಮದುವೇಲಿ ಏನ್ಮಾಡ್ಲಿ? ಶುರುವಿಗೇ ಬೀಗಿತ್ತಿ ಕೈ ಹಿಡ್ಕೊಂಡು ಎಲ್ಲರ ಮುಂದೆ ನಡೆದು ಹೋಗಿ ಮೇಣದ ಬತ್ತಿ ಹಚ್ಚಬೇಕು. ಇನ್ನೊಂದು ಕೈ ಲಂಗದ ಅಂಚು ಎತ್ತಿ ಹಿಡಿಯೋಕೆ."

"ನಗದೆ ಇದ್ರಾಯ್ತಪ್ಪ," ಅಂದೆ ನಾನು.

"ಹೋಗೇ ನರ್ಸಮ್ಮ! ಇರೋನೊಬ್ಬ ಮಗ. ಅದೇನು ಸಾವಿನ ಮನೆಯಾ?"

ಡಾಕ್ಟರ್ ತಾಕ್ ಬಿಳಿ ಪೆನ್ಸಿಲ್ ತೆಗೆದುಕೊಂಡರು. "ಮೂಗಿನ ಬುಡದಲ್ಲಿ ಒಂದು ಸಣ್ಣ ಸ್ನಾಯು ಇದೆ. ನಕ್ಕಾಗ ಎಳೆಯೋದು ಅದೇ. ಒಂದು ಹನಿ ಬೊಟಾಕ್ಸ್ ಹಾಕಿದ್ರೆ ಮೂರ್ನಾಲ್ಕು ತಿಂಗಳು ಮಲಗಿರುತ್ತೆ. ಜಾಗ ಗುರುತು ಮಾಡೋಕೆ ನೀವು ನಿಜವಾಗಿ ನಗಬೇಕು. ಕೈ ಇಲ್ಲದೆ."

ಅದೊಂದು ಅಕ್ಕನಿಂದ ಆಗಲಿಲ್ಲ. ತುಟಿ ಬಿರಿಯುವ ಮೊದಲೇ ಕೈ ಏಳುತ್ತಿತ್ತು. ಕೊನೆಗೆ ಎರಡೂ ಕೈ ನಾನೇ ಹಿಡಿದುಕೊಂಡು ಕೇಳಿದೆ: "ಅಕ್ಕಾ, ನಿಮ್ಮತ್ತೆ ಮೂಗು ಹೆಂಗಿತ್ತು?"

"ಅವರದಾ? ಬೆಳ್ಳುಳ್ಳಿ ಗಡ್ಡೆ!"

ನಗು ಒಡೆದು ಬಂತು. ಮೂಗಿನ ತುದಿ ಕೂದಲೆಳೆಯಷ್ಟು ಬಾಗಿತು, ಹಿರಿಯರಿಗೆ ತಲೆ ತಗ್ಗಿಸಿದ ಹಾಗೆ. ಡಾಕ್ಟರು ಅಲ್ಲೇ ಚುಕ್ಕೆ ಇಟ್ಟು ಸೂಜಿ ಚುಚ್ಚಿದರು. ಹಬ್ಬದ ದಿನಗಳಲ್ಲಿ ಬೆಟ್ಟ ಹತ್ತಿ ಅಲ್ಲಿನ ದೊಡ್ಡ ಕಲ್ಲುಬುದ್ಧನ ಮುಂದೆ ನಿಂತಾಗ ನಾನೆಷ್ಟು ಚಿಕ್ಕವಳು ಅನ್ನಿಸುತ್ತದೆ. ಅವತ್ತು ಆ ಕೂದಲೆಳೆಯಷ್ಟು ಬಾಗಿನ ಮುಂದೆಯೂ ಹಾಗೇ ಅನ್ನಿಸಿತು. ಅಷ್ಟು ಸಣ್ಣದು ಒಂದು ಬಾಳಿನ ನಗುವನ್ನೆಲ್ಲ ಹಿಡಿದಿಟ್ಟಿತ್ತಲ್ಲ! ಮಣಿಕಟ್ಟಿನ ಜಪಮಾಲೆ ಮುಟ್ಟಿಕೊಂಡೆ.

ಎರಡು ವಾರಕ್ಕೆ ತೋರಿಸಲು ಬಂದರು. ನಕ್ಕರು. ಮೂಗು ಅಲ್ಲಾಡಲಿಲ್ಲ. ಆದರೆ ಕೈ ಎದ್ದೇಬಿಟ್ಟಿತ್ತು.

"ಇದಕ್ಕೂ ಒಂದು ಸೂಜಿ ಹಾಕಿ ಡಾಕ್ಟರೇ," ಅಂದರು. ಹೇಳುವಾಗ ಮುಖದಲ್ಲಿ ನಗು ಇರಲಿಲ್ಲ.

ಮದುವೆಯಾದ ಮೇಲೆ ಒಂದು ದಿನ ಅಕ್ಕಿಕಡುಬಿನ ಪೊಟ್ಟಣ ಹಿಡಿದು ಬಂದು ಫೋನಿನಲ್ಲಿ ವಿಡಿಯೋ ತೋರಿಸಿದರು. ತಾಯಂದಿರಿಬ್ಬರು ಕೈ ಹಿಡಿದು ನಡೆಯುತ್ತಿದ್ದಾರೆ. ಬೀಗಿತ್ತಿ ಕಿವಿಯಲ್ಲಿ ಏನೋ ಅನ್ನುತ್ತಾರೆ.

"ಏನಂದ್ರು?"

"'ಬೀಗ್ರೇ, ಕೈ ನಡುಗ್ತಿದೆ, ಮಂಟಪಕ್ಕೇ ಬೆಂಕಿ ಇಟ್ಟುಬಿಟ್ರೆ ಏನ್ಗತಿ?' ಅಂತ!"

ವಿಡಿಯೋದಲ್ಲಿ ಅಕ್ಕನ ಕೈ ಬಾಯಿಯ ಕಡೆ ಏಳುತ್ತದೆ. ಬೀಗಿತ್ತಿಯ ಕೈಯೂ ಜೊತೆಗೇ ಏಳುತ್ತದೆ. ಹೆದರಿದ ಆ ಹೆಂಗಸು ಹಿಡಿತ ಬಿಡುವವಳೇ ಅಲ್ಲ. ಎದೆಯ ಮಟ್ಟದಲ್ಲಿ ಎರಡೂ ಕೈ ನಿಂತುಬಿಡುತ್ತವೆ. ಕೊಸರಾಡಲು ಪುರುಸೊತ್ತಿಲ್ಲ, ನಗು ಬಂದೇಬಿಟ್ಟಿದೆ. ತುಂಬಿದ ಸಭೆಯ ನಡುವೆ, ಮುಚ್ಚುಮರೆಯಿಲ್ಲದ ಮುಖ. ಆ ಕೈಗಳು ತಾವಾಗಿಯೇ ಮೆಲ್ಲಗೆ ಕೆಳಗಿಳಿಯುತ್ತವೆ.

ಅಕ್ಕ ಫೋನನ್ನು ನನ್ನ ಮುಖದ ಹತ್ತಿರ ತಂದರು.

"ಮೂಗು ನೋಡಿದ್ಯೇನೇ? ಇಳೀಲಿಲ್ಲ ಅಲ್ವಾ?"

ಮೂಗು ನೋಡುವುದನ್ನೇ ನಾನು ಮರೆತಿದ್ದೆ.

"ವಿಡಿಯೋ ಇನ್ನೊಂದು ಸಲ ಹಾಕಿ ಅಕ್ಕಾ," ಅಂದೆ.