ಕೆಂಪಿಯ ಕೈತುತ್ತು

ಗುಂಡ್ಲುಪೇಟೆ ರಸ್ತೆಯ ಅರಸರ ಕಾಲದ ಮೃಗಾಲಯಕ್ಕೆ ಹೊಸ ರೂಪ ಕೊಡುವಾಗ ಮೊದಲು ಕಿತ್ತದ್ದು ಕರಡಿ ಕೆಂಪಿಯ ಕಬ್ಬಿಣದ ಬೋನು. ಅಲ್ಲೀಗ ಎರಡು ಎಕರೆ ಬಯಲು, ಅತ್ತಿಮರ, ಹುತ್ತ, ಸುತ್ತ ಆಳದ ಕಂದಕ. ಕೆಂಪಿಗೆ ಅದೊಂದೂ ಬೇಕಿರಲಿಲ್ಲ. ತನ್ನನ್ನು ನೋಡಿಕೊಳ್ಳುವ ಚಿಕ್ಕಬಸವಯ್ಯ ಇಪ್ಪತ್ತು ವರ್ಷ ಸರಳಿನ ಸಂದಿಯಿಂದ ಬೆಲ್ಲದ ರಾಗಿಮುದ್ದೆ ಕೊಡುತ್ತಿದ್ದ ಜಾಗದಲ್ಲೇ ಅದು ಕುಳಿತಿತ್ತು.

ಇನ್ನು ಊಟವನ್ನು ದಿಮ್ಮಿಗಳಲ್ಲಿ ಬಚ್ಚಿಡಬೇಕು, ಕೆಂಪಿಯೇ ಹುಡುಕಿ ತಿನ್ನಬೇಕು ಎಂದು ಮೃಗಾಲಯದ ಡಾಕ್ಟರ್ ಮೀನಾ ಹೇಳಿದ್ದರು. ಎರಡು ದಿನವಾದರೂ ಅದು ಏಳಲಿಲ್ಲ.

"ಮೂಕಪ್ರಾಣೀನ ಉಪ್ವಾಸ ಕೆಡವಿದ್ದೀಯಲ್ಲಲಾ," ಎಂದು ಕುದೇರಿನಿಂದ ಮೃಗಾಲಯ ನೋಡಲು ಬಂದಿದ್ದ ಮುದುಕರೊಬ್ಬರು ಬೈದರು.

"ಕೈತುತ್ತು ಕೊಟ್ಟು ಕೆಡ್ಸಿದೋನೂ ನಾನೆಯ, ಬುಡಿಸೋನೂ ನಾನೆಯ ಕಣಣ್ಣ," ಎಂದ ಚಿಕ್ಕಬಸವಯ್ಯ.

ಮೂರನೆಯ ದಿನ ಬೆಳಿಗ್ಗೆ ಗಮನಿಸಿದ. ಅವನು ನಡೆದತ್ತ ಕೆಂಪಿಯ ಮೂತಿ ತಿರುಗುತ್ತಿತ್ತು. ಅದು ಅವನಿಗಾಗಿ ಕಾಯುತ್ತಿತ್ತು. ನೇರ ಡಾಕ್ಟರ ಬಳಿಗೆ ಹೋದ.

"ನಾನು ಕಣ್ಮುಂದೆ ಇರೋಗಂಟ ಅದು ಏಳಾಕಿಲ್ಲ ಡಾಕ್ಟ್ರಮ್ಮ. ಗಿಡಗಳ ಕೆಲ್ಸಕ್ಕೆ ನನ್ನ ಹಾಕ್ಬುಡಿ."

"ಮತ್ತೆ ಕೆಂಪಿ ಕಡೆ ಬರೋ ಹಾಗಿಲ್ಲ, ಬಸವಯ್ಯ."

"ಬರಾಕಿಲ್ಲ."

ಮರುದಿನ ಗುಲಾಬಿ ಪಾತಿಗೆ ನೀರು ಬಿಡುತ್ತಿದ್ದಾಗ ಕಂದಕದ ಕಡೆಯಿಂದ ಜನರ ಗದ್ದಲ ಕೇಳಿಸಿತು. ಬಿದಿರುಮೆಳೆಯ ಮರೆಯಿಂದ ಇಣುಕಿದ. ಕೆಂಪಿ ಗೆದ್ದಲಿಗಾಗಿ ಎರಡೂ ಕೈಯಲ್ಲಿ ಹುತ್ತವನ್ನು ಬಗೆಯುತ್ತಿತ್ತು, ಮೂತಿಯೆಲ್ಲ ಕೆಮ್ಮಣ್ಣು. ಅದರ ಹೆಸರು ಅವನ ನಾಲಗೆಯ ತುದಿಗೆ ಬಂತು. ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಮತ್ತೆ ಪೈಪು ಹಿಡಿದ.